ಹಿನ್ನೀರಿನ ನಡುವೆ ಚೆಂಡಾಟ

ಮಲೆನಾಡಿನ ಪ್ರವಾಸವೆಂದೊಡನೆ ಜನರು ಜೋಗದ ಜಲಪಾತವನ್ನೂ ಆಗುಂಬೆಯ ಸೂರ್ಯಾಸ್ತವನ್ನೂ ಕೊಡಚಾದ್ರಿಯ ಶಿಖರವನ್ನೂ ನೆನೆಯುವರು. ಅವುಗಳನ್ನು ಕುರಿತು ಬರೆದವರು ಅನೇಕರುಂಟು. ಓದಿದವರು ಅದಕ್ಕಿಂತಲೂ ಅನೇಕರು. ನಾವು ಈ ಸಾರಿ ಕೈಕೊಂಡ ಪ್ರಯಾಣದ ಉದ್ದೇಶವು ಬೇರೆಯದಾಗಿದ್ದಿತು. ತೀರ್ಥಹಳ್ಳಿ, ಹೊಸನಗರ, ಸಾಗರ ಎಂಬ ಮೂರು ತಾಲ್ಲೂಕುಗಳನ್ನು ಹಾದು, ಶರಾವತಿಯ ಹಿನ್ನೀರಿನಾಚೆಗಿರುವ ತುಮರಿಯ ಸೀಮೆಯನ್ನು ಸೇರಿ, ಅಲ್ಲಿಯ ಮಕ್ಕಳು ಚೆಂಡಾಡುವುದನ್ನು ನೋಡಬೇಕೆಂಬುದೇ ಆ ಉದ್ದೇಶ. ಸಂಸ್ಕೃತವನ್ನು ಕಲಿತು ಕಲಿಸುತ್ತ ಕೂದಲು ನರೆಸಿಕೊಂಡ ಉಪಾಧ್ಯಾಯರಿಗೆ ಚೆಂಡಾಟದ ಗೊಡವೆಯೇಕೆಂದು ವಾಚಕರು ನಗಬಹುದು. ನಗಲಿ, ಕಾರಣವನ್ನು ಮುಂದೆ ಅರಿಕೆಮಾಡುವೆವು.

ಅಡಿಕೆಯ ಕೊನೆಕೊಯ್ಲು ಮುಗಿಯುತ್ತ ಬಂದಿದ್ದ ಕಾಲ. ತೀರ್ಥಹಳ್ಳಿಯಲ್ಲಿ, ೧೯೪೩ರಲ್ಲಿ ತುಂಗೆಗೆ ಕಟ್ಟಿದ ಕಮಾನುಸೇತುವೆಯ ಮೇಲೆ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಕೆಳಗೆ, ಪರಶುರಾಮನು ತನ್ನ ಕೊಡಲಿಯ ರಕ್ತದ ಕಲೆಯನ್ನು ತೊಳೆದುಕೊಂಡನೆಂದು ಪ್ರತೀತಿಯುಳ್ಳ ತೀರ್ಥದ ಬಂಡೆಗಳ ಮೇಲೆ ನಾಲ್ಕಾರು ಜನರು ಸ್ನಾನಮಾಡುತ್ತಿದ್ದರು. ತುಂಗೆಗೆ ಕೈಮುಗಿದು ನಾವು ಅಂಬುತೀರ್ಥದ ದಾರಿಯನ್ನು ಹಿಡಿದೆವು. ಏಕೆಂದರೆ ನಮಗೆ ಬೇಕಾಗಿದ್ದವಳು ತುಂಗೆಯಲ್ಲ, ಶರಾವತಿ. ಅವಳು ಹುಟ್ಟುವುದು ಇದೇ ತಾಲ್ಲೂಕಿನ ಅಂಬುತೀರ್ಥದಲ್ಲಿ.

ಅಂಬುತೀರ್ಥವೆಂದರೆ ಒಂದು ಸಣ್ಣ ಗುಡಿ, ಒಂದು ಕೊಳ, ಸುತ್ತಲೂ ಕಾಡು. ಸೀತೆಯ ಬಾಯಾರಿಕೆಯನ್ನು ನೀಗಿಸಲು ರಾಮನು ನೆಲಕ್ಕೆ ಬಾಣವನ್ನು ಎಸೆಯಲು ಈ ನೀರು ಚಿಮ್ಮಿತೆಂದು ಸ್ಥಳದವರು ಹೇಳುವರು. ಹೆಸರಿನಲ್ಲಿ ಒಂದು ಸ್ವಾರಸ್ಯವಿದೆ. ಕನ್ನಡದಲ್ಲಿ ಅಂಬೆಂದರೆ ಬಾಣ. ಸಂಸ್ಕೃತದಲ್ಲಿ ಅಂಬುವೆಂದರೆ ನೀರು. ಯಾವ ಭಾಷೆಯಿಂದ ಅರ್ಥಮಾಡಿದರೂ ಕಥೆಗೆ ಒಪ್ಪುವುದು. ಶರಾವತಿ ಎಂಬಲ್ಲಿಯೂ ಶರವೆಂದರೆ ಬಾಣವೂ ಹೌದು, ನೀರಂಚಿನಲ್ಲಿ ಬೆಳೆಯುವ ಜೊಂಡುಹುಲ್ಲೂ ಹೌದು. ಆ ಶಬ್ದದ ಕೊನೆಯ ಸ್ವರವು ದೀರ್ಘವಾಗಿ ಶರಾವತಿಯೆಂದಾಗುವುದಕ್ಕೆ ಪಾಣಿನಿಯು ಒಂದು ಸೂತ್ರವನ್ನೇ ಮಾಡಿರುವನು. ಇಲ್ಲಿ ಒಂದು ಹೆಜ್ಜೆಯಲ್ಲಿ ದಾಟಬಹುದಾದ ಈ ನೀರು ವಾಯವ್ಯಕ್ಕೆ ಹರಿದು, ಹೊಸನಗರವನ್ನು ಹಾದು, ಸಾಗರದ ಸೀಮೆಯಲ್ಲಿ ಸಮುದ್ರದಂತೆ ಹರಡಿ, ಜೋಗದಲ್ಲಿ ಬಿದ್ದು, ಸುಮಾರು ೧೨೮ ಕಿಲೋಮೀಟರುಗಳ ಪಯಣವನ್ನು ಮುಗಿಸಿ ಹೊನ್ನಾವರದಲ್ಲಿ ಕಡಲನ್ನು ಸೇರುವುದು. ಮೂರು ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಕಟ್ಟಿದವಳು ಇವಳು; ಅದೇ ತಾಲ್ಲೂಕುಗಳ ಜನರನ್ನು ಅರವತ್ತು ವರ್ಷ ಅಗಲಿಸಿದವಳೂ ಇವಳೇ.

ಹೊಸನಗರದಲ್ಲಿ ಮಧ್ಯಾಹ್ನದ ಊಟವಾಯಿತು. ಇದರ ಹಿಂದಿನ ಹೆಸರು ಕಲ್ಲೂರುಕಟ್ಟೆ. ಹಳೆಯ ನಗರವೆಂದರೆ ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದನೂರು. ೧೭೬೩ರಲ್ಲಿ ಹೈದರನು ಅದನ್ನು ಗೆದ್ದು ತನ್ನ ಹೆಸರನ್ನಿಟ್ಟನು. ಆ ನಗರದಿಂದ ತಾಲ್ಲೂಕಿನ ಕಚೇರಿಯು ಇಲ್ಲಿಗೆ ಬಂದ ಮೇಲೆ ಇದು ಹೊಸನಗರವಾಯಿತು. ವಾರಾಹಿ, ಚಕ್ರಾ, ಸಾವೇಹಕ್ಲು, ಶರಾವತಿ ಎಂದು ಈ ತಾಲ್ಲೂಕಿನ ಯಾವ ದಿಕ್ಕಿಗೆ ಹೋದರೂ ಒಂದು ಅಣೆಯ ನೀರು ಎದುರಾಗುವುದು. ನಾಡಿಗೆಲ್ಲ ಬೆಳಕನ್ನು ಕೊಟ್ಟ ನೀರು ಇದು. ಇಲ್ಲಿಯ ಮನೆಗಳು, ಗದ್ದೆಗಳು, ದೇವಸ್ಥಾನಗಳು ಇದರ ತಳದಲ್ಲಿರುವುವು.

ಹೊಸನಗರದ ಶಾಲೆಯೊಂದರ ಬಯಲಿನಲ್ಲಿ ಹುಡುಗರು ವಾಲಿಬಾಲ್ ಆಡುತ್ತಿದ್ದರು. ಬಲೆಯ ಕಂಬಗಳೆರಡೂ ಅಡಿಕೆಯ ಮರದವು. ದಾರಿಯುದ್ದಕ್ಕೂ, ಮನೆಗಳು ನಾಲ್ಕಿರಲಿ ನಲವತ್ತಿರಲಿ, ಒಂದು ಸಮತಟ್ಟಾದ ನೆಲ, ಎರಡು ಕಂಬ, ಒಂದು ಬಲೆ ಇವು ಕಾಣದ ಊರೇ ಇಲ್ಲವೆನ್ನಬಹುದು. ಇದಕ್ಕೆ ಕಾರಣವೇನೆಂಬುದು ವಿಚಾರಕ್ಕೆ ಯೋಗ್ಯವಾದುದು.

ಚೆಂಡಾಟವು ನಮ್ಮ ದೇಶಕ್ಕೆ ಹೊಸದಲ್ಲ. ದಂಡಿಯ ದಶಕುಮಾರಚರಿತದಲ್ಲಿ ಕಂದುಕಾವತಿಯೆಂಬ ರಾಜಕುಮಾರಿಯು ದೇವಿಯ ಪ್ರೀತ್ಯರ್ಥವಾಗಿ ಚೆಂಡಾಡುವ ಉತ್ಸವದ ವರ್ಣನೆಯನ್ನು ಓದಿದವರು, ಅವಳ ಕೈಚಳಕವನ್ನು ಮರೆಯಲಾರರು. ಮಹಾಭಾರತದಲ್ಲಿಯೂ ಕುರುಬಾಲಕರ ಆಟದ ವಸ್ತುವು ಬಾವಿಗೆ ಬೀಳಲು, ದ್ರೋಣನು ಹುಲ್ಲಿನ ಕಡ್ಡಿಗಳನ್ನು ಒಂದಕ್ಕೊಂದು ನಾಟಿಸಿ ಅದನ್ನು ಮೇಲೆತ್ತಿಕೊಟ್ಟು, ಆ ಮೂಲಕವೇ ಗುರುಪದವಿಯನ್ನು ಪಡೆದನಷ್ಟೆ. ಆದರೆ ಈಗ ನಾವು ಊರೂರುಗಳಲ್ಲಿ ಕಾಣುವ ಬಲೆಯ ಆಟವೂ ಬುಟ್ಟಿಯ ಆಟವೂ ಅಮೆರಿಕದಲ್ಲಿ, ಒಂದೇ ಸಂಸ್ಥೆಯ ಮಡಿಲಲ್ಲಿ ಹುಟ್ಟಿದ ಅಕ್ಕತಂಗಿಯರು. ೧೮೯೧ರ ಡಿಸೆಂಬರಿನಲ್ಲಿ, ಹೊರಗೆ ಹಿಮ ಸುರಿಯುವ ಕಾಲದಲ್ಲಿ ಶಿಷ್ಯರಿಗೆ ಒಳಾಂಗಣದ ಆಟವೊಂದು ಬೇಕೆಂದು, ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ಶಾಲೆಯ ಉಪಾಧ್ಯಾಯ ಜೇಮ್ಸ್ ನೈಸ್ಮಿತ್ ಎಂಬವರು ಎರಡು ಹಣ್ಣಿನ ಬುಟ್ಟಿಗಳನ್ನು ಮೇಲೆ ಕಟ್ಟಿಸಿ, ೧೩ ನಿಯಮಗಳನ್ನು ಬರೆದು ಬ್ಯಾಸ್ಕೆಟ್‌ಬಾಲನ್ನು ಆರಂಭಿಸಿದರು. ಬುಟ್ಟಿಗೆ ಬುಡವಿದ್ದುದರಿಂದ ಪ್ರತಿಸಾರಿಯೂ ಚೆಂಡನ್ನು ಏಣಿ ಹತ್ತಿ ತೆಗೆಯಬೇಕಾಗುತ್ತಿತ್ತಂತೆ! ೧೮೯೫ರಲ್ಲಿ ಅದರ ಸಮೀಪದ ಹೋಲಿಯೋಕ್ ಎಂಬಲ್ಲಿ ವಿಲಿಯಂ ಮಾರ್ಗನ್ ಎಂಬವರು, ಮೈಗೆ ಮೈ ತಾಗದ ಆಟವೊಂದಿರಲೆಂದು ವಾಲಿಬಾಲನ್ನು ಕಲ್ಪಿಸಿದರು. ೧೯೨೦ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ವೈ.ಎಂ.ಸಿ.ಎ.ಯ ವ್ಯಾಯಾಮ ವಿದ್ಯಾಲಯವನ್ನು ಸ್ಥಾಪಿಸಿದ ಮೇಲೆ, ಅಲ್ಲಿ ಕಲಿತ ವ್ಯಾಯಾಮದ ಉಪಾಧ್ಯಾಯರು ಇಂತಹ ಆಟಗಳನ್ನು ದಕ್ಷಿಣದೇಶದ ಶಾಲೆಗಳಿಗೆ ಹಬ್ಬಿಸಿದರು.

ಅಕ್ಕತಂಗಿಯರಾದರೂ ಮಲೆನಾಡು ತಂಗಿಯನ್ನು ಒಲಿದು ಅಕ್ಕನನ್ನು ಪೇಟೆಯಲ್ಲಿಯೇ ಇರಿಸಿತು. ಬುಟ್ಟಿಯ ಆಟಕ್ಕೆ ಚೆಂಡನ್ನು ನೆಲಕ್ಕೆ ಬಡಿಯುತ್ತ ಓಡಬೇಕು. ನೆಲವು ಗಟ್ಟಿಯಾಗಿಯೂ ಸಮವಾಗಿಯೂ ಇಲ್ಲದಿದ್ದರೆ ಚೆಂಡು ಮರಳಿ ಕೈಗೆ ಬಾರದು. ೨೮ ಮೀಟರು ಉದ್ದ, ೧೫ ಮೀಟರು ಅಗಲದ ಸಿಮೆಂಟಿನ ಅಂಗಳ ಬೇಕು, ೩.೦೫ ಮೀಟರು ಎತ್ತರದಲ್ಲಿ, ಅಲುಗದ ಕಂಬದ ಮೇಲೆ ಕಬ್ಬಿಣದ ಬಳೆ ಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು ೩೦೦ ಅಂಗುಲ ಮಳೆ. ಉಳಿದ ಊರುಗಳಲ್ಲಿ ಅದಕ್ಕಿಂತ ಕಡಮೆಯಾದರೂ, ಆಷಾಢದಿಂದ ಭಾದ್ರಪದದವರೆಗೆ ಮಣ್ಣಿನ ಬಯಲೆಂಬುದು ಕೆಸರೇ ಸರಿ. ವಾಲಿಬಾಲಿನಲ್ಲಾದರೋ ಚೆಂಡು ನೆಲಕ್ಕೆ ಬೀಳದಂತೆ ನೋಡಿಕೊಳ್ಳುವುದೇ ಆಟ! ನೆಲವು ಹೇಗಿದ್ದರೇನು? ೧೮ ಮೀಟರು ಉದ್ದ, ೯ ಮೀಟರು ಅಗಲ ಸಾಕು. ದೊಡ್ಡ ಮನೆಯ ಅಡಿಕೆ ಒಣಗಿಸುವ ಅಂಗಳದಲ್ಲಿ ಇಷ್ಟು ಜಾಗ ಸಿಕ್ಕುವುದು. ಕಬಡ್ಡಿಗೆ ಇನ್ನೂ ಕಡಮೆ; ಬಲೆಯೂ ಬೇಡ, ಚೆಂಡೂ ಬೇಡ. ಹೀಗೆ ನಾಡಿನ ಮಳೆಯೂ ಮಣ್ಣೂ ಆಟವನ್ನು ಆರಿಸಿಕೊಂಡುವು. ಬ್ಯಾಸ್ಕೆಟ್‌ಬಾಲಿನ ಅಂಗಳವಿರುವ ಕಡೆಯಲ್ಲಿ ಮಕ್ಕಳು ಅದನ್ನೂ ಆಡುವರು; ಅಂಗಳವಿಲ್ಲದ ಕಡೆಯಲ್ಲಿ ಅದು ಪುಸ್ತಕದ ಚಿತ್ರವಾಗಿಯೇ ಉಳಿಯುವುದು.

ಸಂಜೆಯ ಹೊತ್ತಿಗೆ ಪಟಗುಪ್ಪೆಯ ಸೇತುವೆಯ ಮೇಲೆ ಹಿನ್ನೀರನ್ನು ದಾಟಿ ಸಾಗರವನ್ನು ಸೇರಿದೆವು. ಕೆಳದಿಯ ಸದಾಶಿವನಾಯಕನ ಹೆಸರಿನ ಕೆರೆಯಿಂದ ಈ ಊರು ಸದಾಶಿವಸಾಗರವಾಗಿ, ಬಳಿಕ ಬರಿಯ ಸಾಗರವಾಯಿತು. ಗುಡಿಗಾರರ ಗಂಧದ ಕೆತ್ತನೆ, ಇಕ್ಕೇರಿಯ ಅಘೋರೇಶ್ವರ, ಹೆಗ್ಗೋಡಿನ ನೀನಾಸಂ ಇವೆಲ್ಲ ಲೋಕವಿದಿತ. ರಾತ್ರಿ ಬಂಧುಗಳ ಮನೆಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ಆವಿನಹಳ್ಳಿಯ ಮಾರ್ಗವಾಗಿ ಅಂಬಾರಗೋಡ್ಲಿಗೆ ಹೊರಟೆವು.

ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದುದು ೧೯೬೪ರಲ್ಲಿ. ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟಕ್ಕಿಂತ ೧೮೧೯ ಅಡಿ. ಅದಕ್ಕೆ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಈ ನೀರಿನಲ್ಲಿ ಮುಳುಗಿತು; ಕಡುಬೇಸಗೆಯಲ್ಲಿ ನೀರು ಬಹಳವಾಗಿ ಇಳಿದಾಗ ಮಾತ್ರ ಅದು ತಲೆಯೆತ್ತುವುದು. ಕಣಿವೆಯ ಊರುಗಳು ಮುಳುಗಲು ಎತ್ತರದ ನೆಲವು ಉಳಿಯಿತು. ಕರೂರು, ಭಾರಂಗಿ ಹೋಬಳಿಗಳ ತುಮರಿ, ಬ್ಯಾಕೋಡು, ಸಿಗಂದೂರು, ಕಳಸವಳ್ಳಿ ಮೊದಲಾದ ಗ್ರಾಮಗಳು ಹೀಗೆ ಉಳಿದುವು. ಮೂರು ಕಡೆ ನೀರು. ನಾಲ್ಕನೆಯ ಕಡೆ ಸಹ್ಯಾದ್ರಿಯ ಕಾಡು. ಭೂಗೋಳದ ಪುಸ್ತಕದಂತೆ ಇದು ದ್ವೀಪವಲ್ಲ, ಪರ್ಯಾಯದ್ವೀಪ. ಆದರೆ ಜನರು ದ್ವೀಪವೆಂದೇ ಕರೆಯುವರು. ವ್ಯಾಕರಣವು ಜನರ ಪಕ್ಷದಲ್ಲಿಯೇ ಇರುವುದು. ಎರಡು ಕಡೆ ನೀರುಳ್ಳದ್ದು ದ್ವೀಪವೆಂದೇ ಆ ಶಬ್ದದ ವ್ಯುತ್ಪತ್ತಿ. ಇಲ್ಲಿ ಒಂದು ಕಡೆ ಹೆಚ್ಚಾಗಿಯೇ ಇದೆಯಲ್ಲ!

ಈ ದ್ವೀಪದವರಿಗೆ ತಾಲ್ಲೂಕಿನ ಕಚೇರಿ, ದೊಡ್ಡಾಸ್ಪತ್ರೆ, ಸಂತೆ, ಕೋರ್ಟು ಎಲ್ಲವೂ ಸಾಗರದಲ್ಲಿ. ಹೊಳೆಬಾಗಿಲಿನ ಲಾಂಚೇ ದಾರಿ. ಹಸಿರುಮಕ್ಕಿ, ಮುಪ್ಪಾನೆ ಎಂಬೆಡೆಗಳಲ್ಲಿಯೂ ಲಾಂಚುಗಳು ಓಡಾಡಿದುವು. ಬಸ್ಸೂ ಕಾರೂ ಎತ್ತೂ ಮನುಷ್ಯನೂ ಒಂದೇ ಹಲಗೆಯ ಮೇಲೆ ನಿಂತು ದಾಟಬೇಕು. ಸಂಜೆಯ ಕೊನೆಯ ಲಾಂಚು ಹೋಯಿತೆಂದರೆ ದ್ವೀಪದ ಬಾಗಿಲು ಮುಚ್ಚಿದಂತೆಯೇ. ಆಮೇಲೆ ಹೆರಿಗೆಯ ನೋವು ಬಂದರೂ ಹಾವು ಕಚ್ಚಿದರೂ ಕಾಡಿನ ಬಳಸುದಾರಿಯೇ ಗತಿ. ಬರಗಾಲದ ವರ್ಷಗಳಲ್ಲಿ ನೀರಿಳಿದು ಲಾಂಚು ವಾಹನಗಳನ್ನು ಹೊರಲಾರದೆ ಹೋಗುತ್ತಿತ್ತು. ನಾಡಿಗೆ ವಿದ್ಯುತ್ತನ್ನು ಕೊಡಲು ಮನೆಮಠಗಳನ್ನು ಬಿಟ್ಟುಕೊಟ್ಟ ಜನರು ಒಂದು ಸೇತುವೆಗಾಗಿ ಅರ್ಧಶತಮಾನಕ್ಕೂ ಹೆಚ್ಚು ಕಾಲ ಕಾದರು. ಕೊನೆಗೆ ೨೦೨೫ರ ಜುಲೈ ೧೪ರಂದು, ಅಂಬಾರಗೋಡ್ಲು–ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ, ಉಕ್ಕಿನ ಹೊರಜಿಗಳ ಆಧಾರದ ಸೇತುವೆಯನ್ನು ಕೇಂದ್ರಸಚಿವರಾದ ನಿತಿನ್ ಗಡ್ಕರಿಯವರು ಉದ್ಘಾಟಿಸಿದರು.

ಆ ಸೇತುವೆಯ ಮೇಲೆ ನಾವು ಮೊದಲ ಸಾರಿ ಹೋದೆವು. ಅರ್ಧ ದಿನವನ್ನು ನುಂಗುತ್ತಿದ್ದ ನೀರನ್ನು ನಾಲ್ಕು ನಿಮಿಷಗಳಲ್ಲಿ ದಾಟಿದೆವು. ಕೆಳಗೆ ಲಾಂಚಿನ ಹಳೆಯ ದಡವು ಕಂಡಿತು. ಗಾಡಿಯನ್ನು ನಿಲ್ಲಿಸೆಂದು ಹೇಳಬೇಕೆನಿಸಿತು, ಹೇಳಲಿಲ್ಲ. ಆ ದಡದಲ್ಲಿ ಒಂದು ಸಂಜೆ ನಡೆದುದನ್ನು ಈಗ ಅರಿಕೆಮಾಡುವೆವು.

ಇಪ್ಪತ್ತೆರಡು ವರ್ಷಗಳ ಕೆಳಗೆ ನಾವು ಈ ದ್ವೀಪದ ಪ್ರೌಢಶಾಲೆಯೊಂದರಲ್ಲಿ ಕೆಲಸದಲ್ಲಿದ್ದೆವು. ವ್ಯಾಯಾಮದ ಉಪಾಧ್ಯಾಯರ ಸ್ಥಾನವು ಖಾಲಿಯಾಗಿದ್ದುದರಿಂದ ಆ ಭಾರವೂ ನಮ್ಮ ಮೇಲೆಯೇ ಬಿದ್ದಿತು. ನಿಯಮಗಳ ಪುಸ್ತಕವನ್ನು ಶಾಸ್ತ್ರಗ್ರಂಥದಂತೆ ಓದಿ ಪಾಠ ಹೇಳಿದೆವೇ ಹೊರತು ಚೆಂಡನ್ನು ಎತ್ತಿಹೊಡೆಯುವುದು ನಮಗೆ ಬಾರದು. ಹುಡುಗಿಯರು ತಾವೇ ಅಭ್ಯಾಸಮಾಡಿ ಚೆನ್ನಾಗಿ ಆಡತೊಡಗಿದರು. ತಾಲ್ಲೂಕುಮಟ್ಟದ ಪಂದ್ಯಗಳಿಗೆ ಮೊದಲ ಲಾಂಚಿನಲ್ಲಿ ಅವರನ್ನು ಕರೆದುಕೊಂಡು ಹೋದೆವು. ಎರಡು ಪಂದ್ಯಗಳನ್ನು ಗೆದ್ದರು. ಕೊನೆಯ ಪಂದ್ಯವು ಎರಡು ಗಂಟೆಗೆಂದು ಗೊತ್ತಾಗಿದ್ದಿತು. ಭಾಷಣಗಳು ಮುಗಿಯಲಿಲ್ಲ, ಹುಡುಗರ ಪಂದ್ಯವನ್ನು ಮೊದಲು ಆಡಿಸಿದರು, ಗಂಟೆ ನಾಲ್ಕಾಯಿತು. ಕೊನೆಯ ಲಾಂಚಿಗೆ ಸುಮಾರು ೩೦ ಕಿಲೋಮೀಟರು ದೂರ ಹೋಗಬೇಕು. ನಮ್ಮ ಪಂದ್ಯವನ್ನು ಮುಂಚಿತವಾಗಿ ಆಡಿಸಿರೆಂದು ಬೇಡಿದೆವು. ವ್ಯವಸ್ಥಾಪಕರು ಕ್ರಮವನ್ನು ಬದಲಿಸಲಾಗದೆಂದರು. ಹನ್ನೆರಡು ಮಂದಿ ಹೆಣ್ಣುಮಕ್ಕಳನ್ನು ರಾತ್ರಿ ಎಲ್ಲಿ ಇರಿಸುವುದು? ಆಗ ಅವರ ಮನೆಗಳಿಗೆ ಸುದ್ದಿಯನ್ನು ಮುಟ್ಟಿಸುವ ಉಪಾಯವೂ ಇರಲಿಲ್ಲ. ನಾವು ಹೊರಟುಬಂದೆವು. ಎದುರಾಳಿಗಳು ಆಡದೆಯೇ ಗೆದ್ದರು.

ಲಾಂಚಿನ ದಡದಲ್ಲಿ ತಂಡದ ನಾಯಕಿಯು ನಮ್ಮ ಬಳಿಗೆ ಬಂದು ಕೇಳಿದಳು: "ಸಾರ್, ಮನೇಲಿ ಕೇಳಿದ್ರೆ ಸೋತ್ವಿ ಅನ್ನದಾ, ಆಡ್ಲಿಲ್ಲ ಅನ್ನದಾ?"

ನಾವು ಉತ್ತರವನ್ನು ಕೊಡಲಾರದೆ ನೀರನ್ನು ನೋಡಿದೆವು. ಅವರದು ತಪ್ಪೆಂದು ಬಹುಕಾಲ ಹೇಳಿಕೊಂಡು ತಿರುಗಿದೆವು. ನಮ್ಮದೂ ತಪ್ಪಿದ್ದಿತೆಂದು ಈಗ ಒಪ್ಪಬೇಕು. ಒಂದು ರಾತ್ರಿಯ ವಸತಿಯನ್ನು, ತಂದೆತಾಯಿಗಳ ಅನುಮತಿಯನ್ನು ಮೊದಲೇ ಸಂಪಾದಿಸಬಹುದಾಗಿದ್ದಿತು. ಗೆಲ್ಲುವರೆಂದು ನಾವೇ ನಂಬಿರಲಿಲ್ಲವಾದುದರಿಂದ ಆ ಏರ್ಪಾಡನ್ನು ಮಾಡಲಿಲ್ಲ. ಈ ಸಾರಿಯ ಪ್ರಯಾಣಕ್ಕೆ ಇದೇ ಕಾರಣ.

ನಮ್ಮ ರಾಜ್ಯದಲ್ಲಿ ಶಾಲೆಯ ಆಟಗಳ ವ್ಯವಸ್ಥೆಯು ಗೋಪುರದಂತಿರುವುದು. ವಲಯಮಟ್ಟದಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ. ಅಲ್ಲಿ ಆಯ್ಕೆಯಾದವರು ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಶಾಲಾ ಕ್ರೀಡಾ ಒಕ್ಕೂಟದ ಪಂದ್ಯಗಳಿಗೆ. ಇಂತಹ ಗೋಪುರದಿಂದ ಉತ್ತಮರನ್ನು ಆರಿಸಬಹುದು. ಆದರೆ ಬುಡದಲ್ಲಿರುವವರಿಗೆ ಅದರಿಂದ ಆಟವು ದೊರೆಯುವುದಿಲ್ಲ. ಸೋತವರು ಒಡನೆಯೇ ಹೊರಬೀಳುವ ಕ್ರಮವು ಇದಕ್ಕೆ ಕಾರಣ. ಲೆಕ್ಕವನ್ನು ನೋಡಿರಿ. ಎಂಟು ತಂಡಗಳಿದ್ದರೆ ಈ ಕ್ರಮದಲ್ಲಿ ಒಟ್ಟು ಏಳೇ ಪಂದ್ಯಗಳು. ನಾಲ್ಕು ತಂಡಗಳು ಒಂದೊಂದೇ ಪಂದ್ಯವನ್ನಾಡಿ ಮನೆಗೆ ಹೋಗುವುವು. ಪೇಟೆಯ ತಂಡವು ಸೋತರೆ ಸಂಜೆಯ ಕಾಫಿಗೆ ಮನೆಯಲ್ಲಿರುವುದು. ದ್ವೀಪದ ತಂಡವು ನಸುಕಿನಲ್ಲಿ ಎದ್ದು, ಬುತ್ತಿ ಕಟ್ಟಿಕೊಂಡು, ಲಾಂಚನ್ನು ಕಾದು, ಬಸ್ಸಿನಲ್ಲಿ ನಿಂತು ಬಂದು, ಅರ್ಧ ಗಂಟೆ ಆಡಿ, ಮತ್ತೆ ಲಾಂಚನ್ನು ಕಾಯುವುದು. ಮುಂದಿನ ಆಟಕ್ಕೆ ಒಂದು ವರ್ಷ!

ಲೀಗೆಂಬ ಕ್ರಮದಲ್ಲಿಯಾದರೋ ಪ್ರತಿ ತಂಡವೂ ಉಳಿದ ಎಲ್ಲ ತಂಡಗಳೊಡನೆ ಒಂದು ಸಾರಿ ಆಡುವುದು. ಎಂಟು ತಂಡಗಳಿಗೆ ೨೮ ಪಂದ್ಯಗಳಾಗುವುವು. ಹೆಚ್ಚೆನಿಸಿದರೆ ಆರು ತಂಡಗಳನ್ನು ಇಟ್ಟುಕೊಳ್ಳಬಹುದು. ಆಗ ೧೫ ಪಂದ್ಯಗಳು, ಭಾನುವಾರಕ್ಕೆ ಮೂರರಂತೆ ಐದು ಭಾನುವಾರಗಳಲ್ಲಿ ಮುಗಿಯುವುವು. ಯಾರೂ ಮೊದಲ ದಿನವೇ ಹೊರಬೀಳುವುದಿಲ್ಲ. ಇಂದು ಸೋತವರು ವಾರವಿಡೀ ತಮ್ಮ ತಪ್ಪನ್ನು ತಿದ್ದಿಕೊಂಡು ಮತ್ತೆ ಬರುವರು. ವಿದ್ಯೆಯು ಅಭ್ಯಾಸದಿಂದ ಬರುವುದೇ ಹೊರತು ಒಂದು ದಿನದ ಪರೀಕ್ಷೆಯಿಂದಲ್ಲವೆಂಬುದು ನಮ್ಮ ವೃತ್ತಿಯ ಅನುಭವ.

ಈ ವಿಷಯದಲ್ಲಿ ಫಿಲಿಪ್ಪೀನ್ಸ್ ದೇಶವನ್ನು ನೋಡಿ ಕಲಿಯಬಹುದಾದುದು ಬಹಳವಿದೆ. ಏಳು ಸಾವಿರಕ್ಕೂ ಮಿಕ್ಕ ದ್ವೀಪಗಳ ಆ ದೇಶಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದವರ ಮೂಲಕ ಬ್ಯಾಸ್ಕೆಟ್‌ಬಾಲ್ ಬಂದಿತು. ಈಗ ಅದು ಅಲ್ಲಿಯ ಮನೆಮಾತು. ಗ್ರಾಮಕ್ಕೆ ಸಮಾನವಾದ ಬರಾಂಗೈ ಎಂಬ ಅತಿ ಚಿಕ್ಕ ಆಡಳಿತದ ಘಟಕದಲ್ಲಿಯೂ ಬುಟ್ಟಿಯ ಅಂಗಳವಿರುವುದು ಅಲ್ಲಿ ಸಾಮಾನ್ಯ. ಸಿಮೆಂಟಿನ ಆ ಅಂಗಳದಲ್ಲಿ ಆಟವಿಲ್ಲದ ಹೊತ್ತಿನಲ್ಲಿ ಬತ್ತವನ್ನು ಒಣಗಿಸುವುದೂ ಸಭೆ ಸೇರುವುದೂ ಉಂಟು. ಬೇಸಗೆಯಲ್ಲಿ ಬರಾಂಗೈಗಳ ಲೀಗುಗಳು ನಡೆಯುವುವು. ೧೯೭೫ರಲ್ಲಿ ಅಲ್ಲಿ ವೃತ್ತಿಪರರ ದೊಡ್ಡ ಲೀಗೊಂದು ಆರಂಭವಾಯಿತು; ಅದರ ತಂಡಗಳು ವ್ಯಾಪಾರಸಂಸ್ಥೆಗಳ ಹೆಸರಿನವು. ಊರಿನ ಹೆಸರನ್ನು ಎದೆಯ ಮೇಲೆ ಧರಿಸುವ ತಂಡಗಳು ಬೇಕೆಂದು ೨೦೧೮ರಲ್ಲಿ ಪ್ರಾಂತಗಳ, ನಗರಗಳ ಲೀಗು ಬೇರೆಯಾಗಿ ಪ್ರಾರಂಭವಾಯಿತು. ೧೯೫೪ರ ಲೋಕಚಾಂಪಿಯನ್‌ಷಿಪ್ಪಿನಲ್ಲಿ ಮೂರನೆಯ ಸ್ಥಾನವನ್ನು ಪಡೆದ ದೇಶವದು. ಅಂತಹ ಆಟದ ಬೇರು ಹಳ್ಳಿಯ ಅಂಗಳಗಳಲ್ಲಿಯೇ ಇರುವುದು. ಭತ್ತ ಒಣಗಿಸುವ ಅಂಗಳವು ಅಲ್ಲಿ ಆಟದ ಅಂಗಳವಾಗುವುದಾದರೆ ಅಡಿಕೆ ಒಣಗಿಸುವ ಅಂಗಳವು ಇಲ್ಲಿ ಏಕಾಗಬಾರದು?

ದ್ವೀಪದಲ್ಲಿ ನಾವು ಕಂಡುದು ಇದಕ್ಕೆ ದೂರವಾದುದಲ್ಲ. ಮಲೆನಾಡಿನ ಹೊನಲುಬೆಳಕಿನ ಪಂದ್ಯಾವಳಿಯನ್ನು ನೋಡದವರಿಗಾಗಿ ಅದನ್ನು ಸ್ವಲ್ಪ ವಿವರಿಸುವೆವು. ಕೊಯ್ಲು ಮುಗಿದ ಮೇಲೆ ಊರಿನ ಯುವಕಸಂಘದವರು ಗದ್ದೆಯನ್ನೋ ಶಾಲೆಯ ಬಯಲನ್ನೋ ಸಮಮಾಡಿ, ಕಂಬಗಳಿಗೆ ದೀಪಗಳನ್ನು ಕಟ್ಟುವರು. ಪ್ರವೇಶಶುಲ್ಕ ಇಷ್ಟು, ಬಹುಮಾನ ಇಷ್ಟು ಎಂದು ಕರಪತ್ರ ಹಂಚುವರು. ಒಬ್ಬ ಯಜಮಾನರು ತೀರಿಕೊಂಡ ತಮ್ಮ ತಂದೆಯ ನೆನಪಿಗೆ ಫಲಕವನ್ನು ಕೊಡುವರು. ಮತ್ತೊಬ್ಬರು ಅಕ್ಕಿ ಬೇಳೆಗಳನ್ನು ಕೊಡುವರು. ಉಳಿದವರು ಚಪ್ಪರಕ್ಕೆ ಸೋಗೆಯನ್ನೂ ಕೈಕೆಲಸವನ್ನೂ ಕೊಡುವರು. ಆಟವು ರಾತ್ರಿ ಆರಂಭವಾಗಿ ಕೋಳಿ ಕೂಗುವ ಹೊತ್ತಿಗೆ ಮುಗಿಯುವುದು. ಯಕ್ಷಗಾನಕ್ಕೆ ಬೆಳಗಿನವರೆಗೆ ಕುಳಿತು ಪಳಗಿದ ಜನರಿಗೆ ಇದು ಕಷ್ಟವಲ್ಲ. ದ್ವೀಪದಲ್ಲಿ ಇದಕ್ಕೆ ಇನ್ನೊಂದು ಅನುಕೂಲವಿದ್ದಿತು. ಸಂಜೆಯ ಲಾಂಚಿಗೆ ಬಂದ ಆಚೆದಡದ ತಂಡಗಳು ಬೆಳಗಿನ ಲಾಂಚಿನವರೆಗೆ ಹೋಗುವಂತೆಯೇ ಇಲ್ಲ. ಸೋತರೂ ಕುಳಿತು ನೋಡಲೇಬೇಕು. ಹಾಗೆ ಕುಳಿತವರಲ್ಲಿ ಸ್ನೇಹಗಳು ಬೆಳೆದುವು, ಕೆಲವು ಸಂಬಂಧಗಳೂ ಕೂಡಿಬಂದುವು.

ದೋಷಗಳೂ ಇಲ್ಲದಿಲ್ಲ. ಬಹುಮಾನದ ಮೊತ್ತವು ಏರಿದಂತೆಲ್ಲ ದೂರದ ಊರುಗಳಿಂದ ಬಾಡಿಗೆಯ ಆಟಗಾರರನ್ನು ತರುವ ಚಾಳಿ ಬೆಳೆಯಿತು. ಊರಿನ ಹೆಸರಿನ ಅಂಗಿಯನ್ನು ತೊಟ್ಟವನಿಗೆ ಆ ಊರಿನ ದಾರಿಯೇ ತಿಳಿಯದು. ಊರಿನ ಹುಡುಗನು ಗೆರೆಯ ಹೊರಗೆ ನೀರಿನ ತಂಬಿಗೆಯನ್ನು ಹಿಡಿದು ನಿಲ್ಲುವನು. ಎರಡನೆಯದಾಗಿ, ರಾತ್ರಿಯ ಪಂದ್ಯಗಳಲ್ಲಿ ಹೆಣ್ಣುಮಕ್ಕಳಿಗೆ ಸ್ಥಾನವು ತೀರ ಕಡಮೆ. ಬುಟ್ಟಿಯ ಆಟವು ಹುಟ್ಟಿದ ಮರುವರ್ಷವೇ, ೧೮೯೨ರಲ್ಲಿ, ನೆರೆಯೂರಿನ ಸ್ತ್ರೀವಿದ್ಯಾಲಯದಲ್ಲಿ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯು ಅದನ್ನು ತನ್ನ ಶಿಷ್ಯೆಯರಿಗೆ ಕಲಿಸತೊಡಗಿದಳೆಂಬುದನ್ನು ನೆನೆದರೆ, ನಾವು ಇನ್ನೂ ಎಲ್ಲಿರುವೆವೆಂದು ನಾಚಿಕೆಯಾಗುವುದು. ಮೂರನೆಯದಾಗಿ, ಆಟದ ಬಯಲಿನ ಪ್ರಶ್ನೆ. ಮುಳುಗಡೆಯಾಗಿ ಬಂದವರ ಭೂಮಿಯ ಹಕ್ಕಿನ ಪ್ರಶ್ನೆಯೇ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ. ಉಳುವ ನೆಲಕ್ಕೇ ಪತ್ರವಿಲ್ಲದವರು ಆಡುವ ನೆಲಕ್ಕೆ ಪತ್ರವನ್ನು ಎಲ್ಲಿಂದ ತರುವರು? ಶಾಲೆಯ ಬಯಲೊಂದೇ ನಂಬತಕ್ಕ ಆಶ್ರಯ.

ಇಷ್ಟನ್ನು ನೋಡಿದ ಮೇಲೆ ನಮಗೆ ತೋರಿದುದನ್ನು ಬಲ್ಲವರ ಮುಂದೆ ಇಡುವೆವು. ತೀರ್ಥಹಳ್ಳಿ, ಹೊಸನಗರ, ಸಾಗರಗಳಿಂದ ಎರಡೆರಡು ತಂಡಗಳು, ಅವುಗಳಲ್ಲಿ ಒಂದು ದ್ವೀಪದ್ದು, ಹೀಗೆ ಆರು ತಂಡಗಳ ಲೀಗನ್ನು ನಡೆಯಿಸಬಹುದು. ಹುಡುಗಿಯರಿಗೂ ಅಷ್ಟೇ ತಂಡಗಳು, ಅದೇ ದಿನ, ಅದೇ ಬಯಲಿನಲ್ಲಿ, ಹಗಲು ಹೊತ್ತಿನಲ್ಲಿ. ಅಡಿಕೆಯ ಕೆಲಸ ಮುಗಿದು ಪರೀಕ್ಷೆಗಳು ಹತ್ತಿರ ಬರುವುದಕ್ಕೆ ಮೊದಲಿನ ಐದು ಭಾನುವಾರಗಳು ಇದಕ್ಕೆ ತಕ್ಕವು. ಪ್ರತಿ ಭಾನುವಾರ ಒಂದೊಂದು ಊರಿನಲ್ಲಿ ಎಲ್ಲರೂ ಕೂಡುವಂತಿರಬೇಕು. ಒಂದು ಸುತ್ತು ದ್ವೀಪದಲ್ಲಿಯೇ ನಡೆಯಲೇಬೇಕು. ದ್ವೀಪದವರೇ ಯಾವಾಗಲೂ ಏಕೆ ಹೊರಗೆ ಹೋಗಬೇಕು? ಪೇಟೆಯವರೂ ಒಮ್ಮೆ ಬುತ್ತಿ ಕಟ್ಟಿಕೊಂಡು ಬರಲಿ. ಆಯಾ ಊರಿನಲ್ಲಿ ವಾಸವಿರುವವರು, ಓದುವವರು ಮಾತ್ರ ಆಡಬೇಕು. ಬಹುಮಾನದ ಹಣವನ್ನು ಕುಗ್ಗಿಸಿ ಆ ದುಡ್ಡನ್ನು ಬಸ್ಸಿನ ಬಾಡಿಗೆಗೂ ಊಟಕ್ಕೂ ಕೊಡಬೇಕು. ಪ್ರತಿ ತಾಲ್ಲೂಕಿನಲ್ಲಿ ನಾಲ್ವರಾದರೂ ತೀರ್ಪುಗಾರರು ಶಾಸ್ತ್ರೋಕ್ತವಾಗಿ ತಯಾರಾಗಬೇಕು. ಮೊದಲು ವಾಲಿಬಾಲ್, ಕಬಡ್ಡಿ. ಇವು ನಿಂತ ಮೇಲೆ, ದ್ವೀಪದ ಒಂದು ಶಾಲೆಯಲ್ಲಾದರೂ ಸಿಮೆಂಟಿನ ಅಂಗಳವನ್ನು ಹಾಕಿಸಿ ಎರಡು ಬುಟ್ಟಿಗಳನ್ನು ಕಟ್ಟಿಸಿದರೆ, ಅದರ ಮೇಲೆ ಆಟವೂ ಆಗುವುದು, ಬಿಡುವಿನಲ್ಲಿ ಅಡಿಕೆಯೂ ಒಣಗುವುದು.

ಸೇತುವೆಯಾದ ಮೇಲೆ ಇದು ಸುಲಭವಾಯಿತೆಂದು ಹೇಳುವವರುಂಟು. ನಿಜ, ಆದರೆ ಸೇತುವೆಗೆ ಎರಡು ಮುಖಗಳು. ಬರುವ ದಾರಿಯೇ ಹೋಗುವ ದಾರಿಯೂ ಹೌದು. ಸಂಜೆಯ ಹೊತ್ತು ಸಾಗರದ ಪೇಟೆಗೆ ಹೋಗಿಬರುವುದು ಸುಲಭವಾದ ಮೇಲೆ, ಊರಿನ ಬಯಲಿನಲ್ಲಿ ಬಲೆ ಕಟ್ಟುವವರು ಉಳಿಯುವರೇ? ಲಾಂಚು ಬಾಗಿಲು ಮುಚ್ಚುತ್ತಿದ್ದ ಕಾಲದಲ್ಲಿ ದ್ವೀಪದವರು ಬೇರೆ ದಾರಿಯಿಲ್ಲದೆ ಒಟ್ಟಾಗಿ ಕುಳಿತರು, ಒಟ್ಟಾಗಿ ಆಡಿದರು. ಇನ್ನು ಮುಂದೆ ಒಟ್ಟಾಗಬೇಕಾದರೆ ಮನಸ್ಸುಮಾಡಿಯೇ ಒಟ್ಟಾಗಬೇಕು. ಊರಿನಲ್ಲಿ ಕ್ರಮವಾದ ಲೀಗು ಬೇಕೆಂಬುದು ಈ ಕಾರಣಕ್ಕಾಗಿಯೇ.

ಸಂಜೆ ಶಾಲೆಯೊಂದರ ಬಯಲಿನಲ್ಲಿ ಹೆಣ್ಣುಮಕ್ಕಳು ಅಭ್ಯಾಸಮಾಡುತ್ತಿದ್ದರು. ಬಲೆಯು ಅಲ್ಲಲ್ಲಿ ಹರಿದು, ಹಗ್ಗದಿಂದ ಹೆಣೆದುದು. ಕಟ್ಟೆಯ ಮೇಲೆ ಕುಳಿತಿದ್ದ ತಾಯಂದಿರಲ್ಲಿ ಒಬ್ಬಳು ಎದ್ದು ಬಂದು ನಮಸ್ಕಾರಮಾಡಿದಳು. ನಮಗೆ ಗುರುತು ಸಿಕ್ಕಲಿಲ್ಲ. ಅವಳು ತಾನಾಗಿಯೇ ಹೇಳಿದಳು. ಅಂದು ಲಾಂಚಿನ ದಡದಲ್ಲಿ ಪ್ರಶ್ನೆ ಕೇಳಿದ ಹುಡುಗಿ ಅವಳೇ. ದ್ವೀಪದಲ್ಲಿಯೇ ಮದುವೆಯಾಗಿ, ಈಗ ಅವಳ ಮಗಳು ಈ ತಂಡದಲ್ಲಿರುವಳು. ಹಿಂದಿನ ತಿಂಗಳು ಈ ಮಕ್ಕಳು ಸಾಗರಕ್ಕೆ ಹೋಗಿ ಆಡಿ, ಸೋತು, ಕತ್ತಲಾದ ಮೇಲೆ ಮನೆಗೆ ಬಂದರಂತೆ.

"ಆವತ್ತಿನ ಪ್ರಶ್ನೆಗೆ ನಾವು ಉತ್ತರ ಹೇಳಲೇ ಇಲ್ಲವಲ್ಲಮ್ಮ" ಎಂದೆವು.

"ಬಿಡಿ ಸಾರ್" ಎಂದು ಅವಳು ನಕ್ಕಳು. "ನಮ್ ಕಾಲ್ದಲ್ಲಿ ಲಾಂಚಿಗೆ ಓಡಿ ಬಂದ್ವಿ. ಈಗಿನೋರು ಸೋತ್ರೆ ಸೋತೇ ಬರ್ತಾರೆ."

ನಾವು ಕತ್ತಲಾಗುವವರೆಗೆ ಕುಳಿತು ಆಟವನ್ನು ನೋಡಿದೆವು. ಹಿಂದಾಗಿದ್ದರೆ ಅಷ್ಟು ಹೊತ್ತಿಗೆ ಎದ್ದು ದಡಕ್ಕೆ ಧಾವಿಸಬೇಕಾಗುತ್ತಿತ್ತು. ಹೊರಡುವಾಗ ಶಾಲೆಯ ಮುಖ್ಯೋಪಾಧ್ಯಾಯರ ಕೈಯಲ್ಲಿ ಒಂದು ಹೊಸ ಬಲೆಯ ಬೆಲೆಯನ್ನಿಟ್ಟು, ಮುಂದಿನ ಮಾಘದಲ್ಲಿ ಮತ್ತೆ ಬರುವೆವೆಂದು ಹೇಳಿ ಬಂದಿರುವೆವು. ಈ ಪುಟವನ್ನು ಓದಿದ ಗೃಹಸ್ಥರಲ್ಲಿ ಯಾರಿಗಾದರೂ ಸಿಗಂದೂರಿನ ದೇವಿಯ ದರ್ಶನಕ್ಕೆ ಹೋಗುವ ಯೋಗವೊದಗಿದರೆ, ಹಿಂದಿರುಗುವ ಆತುರವನ್ನು ಸ್ವಲ್ಪ ಬಿಟ್ಟು, ಸಂಜೆ ಐದರ ಹೊತ್ತಿಗೆ ಅಲ್ಲಿಯ ಯಾವುದಾದರೊಂದು ಶಾಲೆಯ ಬಯಲಿನ ಬಳಿ ಅರೆಗಳಿಗೆ ನಿಲ್ಲಲಿ. ನೋಡುವವರಿದ್ದರೆ ಮಕ್ಕಳು ಇನ್ನೂ ಚೆನ್ನಾಗಿ ಆಡುವರು.